ದೇವರ ಗಿಡಕ್ಕೆ ತಗಡಿನ ಚೀಟಿ

ಬಿಯರ್ ಡಬ್ಬಿಯ ಬಾಯಿಂದ ಸಿಗರೇಟಿನ ತುಂಡೊಂದು ಬಚ್ಚಲಿಗೆ ಬಿದ್ದಾಗ ಸುಭದ್ರಾಗೆ ಬೆಳಿಗ್ಗೆ ತಿಂದ ಉಪ್ಪಿಟ್ಟು ಗಂಟಲಿಗೆ ಬಂತು. ತುಂಡಿನ ಹಿಂದೆ ಸತ್ತ ಜಿರಳೆ, ಜಿರಳೆಯ ಹಿಂದೆ ಹುಳಿತು ನಾರುವ ಕಂದು ನೀರು. ಥೂ, ಇದನ್ನು ಮನುಷ್ಯರು ಕುಡಿಯುತ್ತಾರಂತೆ, ಅದೂ ದುಡ್ಡು ಕೊಟ್ಟು.

“ತಗಡ ತರ್ರಿ ಅಂದ್ರ ಗಟಾರ ತಂದೀರಲ್ಲ,” ಎಂದು ಹೊರಗೆ ಕೂತಿದ್ದ ಗಂಡನಿಗೆ ಕೇಳುವಂತೆ ಹೇಳಿದಳು.

“ತಗಡ ಅಂದ್ರ ಇದ. ಕತ್ತರಿಗೆ ಬಗ್ಗತದ, ತುಕ್ಕ ಹಿಡಿಯಂಗಿಲ್ಲ. ರೈಲ್ವೇದಾಗ ಇಪ್ಪತ್ತೆಂಟ ವರ್ಷ ತಗಡ ನೋಡೇನಿ ನಾ,” ಎಂದ ಶರಣಪ್ಪ. ಹಳೇ ಸಾಮಾನಿನ ಅಂಗಡಿಯಿಂದ ಆರು ಡಬ್ಬಿ ತಂದು ಹಾಕಿ, ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂಬ ಗತ್ತಿನಲ್ಲಿ ಪೇಪರು ಹಿಡಿದಿದ್ದ.

ಧಾರವಾಡ ಬಿಟ್ಟು ಬಂಗಾಳದ ಬೆಹಾಲಾದ ಈ ಮೂರನೇ ಮಹಡಿಗೆ ಬಂದು ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷದಲ್ಲಿ ಅವಳ ಮೂಗು ಮಾತ್ರ ಈ ಊರಿಗೆ ಒಗ್ಗಿರಲಿಲ್ಲ. ಪೇಟೆಯಲ್ಲಿ ಬಿಲ್ವಪತ್ರೆಗೆ ಬರವಿಲ್ಲ, ನಿಜ. ಆದರೆ ಪತ್ರೆ ಮಾರುವವಳು ಕೂರುವುದು ಮೀನಿನವನ ಮಗ್ಗುಲಲ್ಲಿ. ಅವನು ಮೀನು ಹೆರೆದಾಗಲೆಲ್ಲ ಹುರುಪೆ ಹಾರಿ ಬಂದು ಎಲೆಯ ಮೇಲೆ ಕೂರುತ್ತದೆ. ಅಂಥ ಎಲೆಯನ್ನು ಅಂಗೈಯೊಳಗಿನ ಇಷ್ಟಲಿಂಗಕ್ಕೆ ಏರಿಸುವುದೇ? ಅದಕ್ಕೆಂದೇ ತಾರಸಿಯ ಮೇಲೆ ಒಂದು ಡ್ರಮ್ಮಿನಲ್ಲಿ ಬಿಲ್ವದ ಸಸಿ ನೆಟ್ಟಿದ್ದಳು. ಅದು ಬದುಕಿದರೆ ದಿನದ ಪೂಜೆಗೆ ಶುದ್ಧವಾದ ಪತ್ರೆ, ಸತ್ತರೆ ಮತ್ತೆ ಆ ಮೀನಿನವನ ಮಗ್ಗುಲೇ ಗತಿ. ಸಸಿಯೋ, ಮೊಣಕಾಲೆತ್ತರಕ್ಕೆ ಬಂದು ಮುನಿಸಿಕೊಂಡು ನಿಂತುಬಿಟ್ಟಿತ್ತು.

ಈಗ ಮಗಳು ಮೇಧಾಳ ಬಾಣಂತನಕ್ಕೆ ಸುಭದ್ರಾ ಎರಡು ತಿಂಗಳು ಹುಬ್ಬಳ್ಳಿಗೆ ಹೋಗಬೇಕಿತ್ತು. ಶರಣಪ್ಪ ವಾರದಲ್ಲಿ ಐದು ದಿನ ರೈಲ್ವೇ ಲೈನಿನ ಕೆಲಸದ ಮೇಲೆ ಊರ ಹೊರಗೇ ಇರುವವನು. ನೀರು ಹಾಕಲು ಇದ್ದವರೆಂದರೆ ಎದುರು ಮನೆಯ ಶೋಭನಾದಿ ಒಬ್ಬರೇ. ದಿ ಎಂದರೆ ಅಲ್ಲಿ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿದ್ದ, ಅರವತ್ತು ದಾಟಿದ ಆ ಹೆಂಗಸು, “ಗಿಡದ ಚಿಂತೆ ನನಗೆ ಬಿಡು, ಮಗಳನ್ನು ನೋಡು ಹೋಗು,” ಎಂದು ತಾವಾಗಿಯೇ ಹೇಳಿದ್ದರು.

ತೊಂದರೆ ಇದ್ದದ್ದೇ ಅಲ್ಲಿ. ವಾರಕ್ಕೊಮ್ಮೆ ಶೋಭನಾದಿ ಮೀನು ತೊಳೆದ ನೀರನ್ನು ಬಕೆಟ್ಟಿನಲ್ಲಿ ತಾರಸಿಗೆ ತಂದು ಅಲ್ಲಿದ್ದ ತಮ್ಮ ಗುಲಾಬಿಗಳಿಗೆ ಸುರಿಯುತ್ತಿದ್ದರು. ಇದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲವಂತೆ. ಕೆಂಪಗಿನ ಆ ನೀರು, ಅದರಲ್ಲಿ ತೇಲುವ ಕರುಳಿನ ಚೂರು, ಮೇಲೆ ಮುತ್ತುವ ನೊಣ! ಮೊದಲ ಸಲ ನೋಡಿದ ದಿನ ಸುಭದ್ರಾ ಮಧ್ಯಾಹ್ನ ಊಟ ಬಿಟ್ಟಿದ್ದಳು. ಅಂದಿನಿಂದ ಅದು ಮೀನಿನ ಮನೆ ಎಂದು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಸಂಕ್ರಾಂತಿಗೆ ಶೋಭನಾದಿ ಬೆಲ್ಲದ ಪಾಯಸ ಕಳಿಸಿದಾಗ, ಆ ಪಾತ್ರೆಯಲ್ಲಿ ಮೊದಲು ಏನೇನು ಬೆಂದಿತ್ತೋ ಎಂದು ಹೇಸಿ, ಅಷ್ಟನ್ನೂ ಕೆಲಸದವಳ ಡಬ್ಬಿಗೆ ಸುರಿದಿದ್ದಳು.

“ಮೀನಿನ ನೀರ ಹಾಕಬ್ಯಾಡ್ರಿ ಅಂತ ಒಂದ ಮಾತ ಹೇಳಿಬಿಡ. ಇದಕ್ಕ ತಗಡ ಯಾಕ ಬೇಕು?” ಎಂದಿದ್ದ ಶರಣಪ್ಪ.

“ನಿಮ್ಮದು ನನಗ ಹೇಸಿಗಿ ಅಂತ ಮುಖದ ಮ್ಯಾಲ ಅನ್ನಲೇನು? ನಾಳೆ ಅವರ ಮಾರಿ ನೋಡೂದ ಬ್ಯಾಡೇನು?”

ಹಾಗಾಗಿ ಮೀನಿನ ನೀರು ಬೀಳಬಾರದ ಗಿಡಗಳಿಗೆ ಗುರುತಿನ ಚೀಟಿ. ಐಸ್‌ಕ್ರೀಮ್ ಕಡ್ಡಿಯ ಮೇಲೆ ಬರೆದರೆ ಇಲ್ಲಿನ ಮಳೆಗೆ ವಾರದಲ್ಲಿ ಬೂಸಲು ಹಿಡಿಯುತ್ತಿತ್ತು. ಪ್ಲಾಸ್ಟಿಕ್ಕಿನ ಮೇಲಿನ ಶಾಯಿ ಬಿಸಿಲಿಗೆ ಹಾರಿಹೋಗುತ್ತಿತ್ತು. ಎರಡು ತಿಂಗಳು ತಾಳುವುದು ತಗಡು ಮಾತ್ರ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಡಬ್ಬಿಗಳನ್ನು ಸೋಡಾ ಹಾಕಿ ಮೂರು ಸಲ ತೊಳೆದಳು. ಮೂರನೆಯ ಸಲವೂ ನಾತ ಹೋಗಲಿಲ್ಲ, ಅಥವಾ ಮೂಗಿನಲ್ಲೇ ಮನೆ ಮಾಡಿತ್ತೋ ಏನೋ. ಮೇಲಿನ ಕೆಳಗಿನ ಬಿಲ್ಲೆಗಳನ್ನು ಕತ್ತರಿಸಿ, ಡೊಳ್ಳನ್ನು ಸೀಳಿ ಬಿಡಿಸಿದರೆ ತಗಡು ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಒಂದು ರಾತ್ರಿ ಒರಳುಕಲ್ಲಿನ ಕೆಳಗಿಟ್ಟ ಮೇಲೆ ಬುದ್ಧಿ ಕಲಿಯಿತು. ಬೆರಳಗಲದ ಪಟ್ಟಿ ಕತ್ತರಿಸಿ, ಕೈ ಕೊಯ್ಯದಂತೆ ಅಂಚು ಮಡಚಿದಳು. ಆದರೂ ಹೆಬ್ಬೆರಳು ಕೊಯ್ದಿತು, ಆ ದರಿದ್ರ ಡಬ್ಬಿಯ ಅಂಚು.

ದಪ್ಪಗೆ ಮಡಚಿದ ಪೇಪರಿನ ಮೇಲೆ ಪಟ್ಟಿಯಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಕು. ಅಕ್ಷರ ತಗ್ಗಿನಲ್ಲಿ ಮೂಡುತ್ತದೆ, ಮಳೆಯಪ್ಪನಿಗೂ ಅಳಿಸಲಾಗುವುದಿಲ್ಲ. ಕಟ್ಟಡದ ಕಾವಲುಗಾರನಿಂದ ‘ದೇವರ ಗಿಡ’ ಎಂಬುದನ್ನು ಬಂಗಾಳಿಯಲ್ಲಿ ಬರೆಸಿಕೊಂಡು, ಗೆರೆಗೆ ಗೆರೆ ನೋಡಿ ಐದು ಚೀಟಿ ಒತ್ತಿದಳು: ಬಿಲ್ವಕ್ಕೊಂದು, ಪೂಜೆಯ ಹೂವಿಗೆಂದು ಬೆಳೆಸಿದ್ದ ದಾಸವಾಳ, ಕಣಗಿಲೆ, ತುಂಬೆ, ಮಲ್ಲಿಗೆಗೆ ಒಂದೊಂದು. ಮೊಳೆಯಿಂದ ತೂತು ಹೊಡೆದು, ಮುರಿದ ಛತ್ರಿಯ ಕಡ್ಡಿಗಳಿಗೆ ತಂತಿಯಲ್ಲಿ ಕಟ್ಟಿ ಮಣ್ಣಿಗೆ ಚುಚ್ಚಿದಳು.

ಹೊರಡುವ ದಿನ ಶೋಭನಾದಿಯನ್ನು ತಾರಸಿಗೆ ಕರೆದೊಯ್ದು ತನ್ನ ಹರಕು ಹಿಂದಿಯಲ್ಲಿ ಹೇಳಿದಳು: “ತಗಡು ಇರುವವು ದೇವರ ಗಿಡ, ದೀದಿ. ಇವನ್ನು ಸ್ವಲ್ಪ ಬೇರೆ ಥರ ನೋಡಿಕೊಳ್ಳಿ. ಉಳಿದವಕ್ಕೆ ಏನು ಹಾಕಿದರೂ ಸರಿ.”

ಶೋಭನಾದಿ ಅಕ್ಷರಗಳ ಮೇಲೆ ಬೆರಳಾಡಿಸಿ, ಆ ಬೆರಳನ್ನು ಹಣೆಗೆ ಮುಟ್ಟಿಸಿಕೊಂಡರು. “ತಿಳಿಯಿತು. ನೀನು ನಿಶ್ಚಿಂತೆಯಿಂದ ಹೋಗು,” ಎಂದರು. ಹೇಸಿಗೆ ಎಂಬ ಮಾತು ಬಾಯಿಂದ ಬರದಂತೆ ಎಷ್ಟು ನಾಜೂಕಾಗಿ ಮುಗಿಸಿದೆ ಎಂದು ಸುಭದ್ರಾ ರೈಲಿನಲ್ಲಿ ಖುಷಿಪಟ್ಟಳು.

ಸೆಪ್ಟೆಂಬರಿನಲ್ಲಿ ಅವಳು ಮರಳಿ ಬಂದಾಗ ಬಿಲ್ವ ಸೊಂಟದೆತ್ತರ ನಿಂತಿತ್ತು. ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಎರಡು ದಿನ ಕಣ್ತುಂಬ ನೋಡಿ, ಕೈತುಂಬ ಕಿತ್ತು, ಲಿಂಗಕ್ಕೆ ಏರಿಸಿದಳು. ಮೂರನೆಯ ದಿನ ಸಂಜೆ ಮೆಟ್ಟಿಲಲ್ಲಿ ಶೋಭನಾದಿ ಸಿಕ್ಕಿದರು.

“ಹೇಗಿದೆ ನಿನ್ನ ದೇವರ ಗಿಡ? ಆ ಐದಕ್ಕೂ ವಾರಕ್ಕೆ ಎರಡು ಸಲ ಇಲಿಶ್ ಮೀನು ತೊಳೆದ ನೀರು. ನನ್ನ ಗುಲಾಬಿಗೆ ಬರೀ ನಲ್ಲಿ ನೀರು. ದೇವರದಲ್ಲವೇ, ಇದ್ದದ್ದರಲ್ಲಿ ಒಳ್ಳೆಯದು ಅದಕ್ಕೆ ಹೋಗಬೇಕು.”

ಸುಭದ್ರಾ ಮನೆಗೆ ಬಂದು ಕೈಯನ್ನು ಸಾಬೂನಿನಲ್ಲಿ ಉಜ್ಜಿದಳು, ಹುಣಸೆಹಣ್ಣಿನಲ್ಲಿ ಉಜ್ಜಿದಳು. ಮೀನಿನ ನೆತ್ತರು ಕುಡಿದು ಕೊಬ್ಬಿದ ಎಲೆ ಎರಡು ದಿನ ಈ ಅಂಗೈಯಲ್ಲಿ, ಲಿಂಗದ ನೆತ್ತಿಯ ಮೇಲೆ! ಅಂದು ಅವಳು ನೀರೂ ಮುಟ್ಟಲಿಲ್ಲ.

ಬೆಳಿಗ್ಗೆ ತಾರಸಿಗೆ ಹೋದವಳೇ ಡ್ರಮ್ಮನ್ನು ಉರುಳಿಸಿ, ಬಿಲ್ವದ ಬುಡ ಹಿಡಿದು ಜಗ್ಗಿದಳು. ಮುಳ್ಳು ಚುಚ್ಚಿತು. ಚುಚ್ಚಲಿ. ಬೇರು ಪಟಪಟನೆ ಹರಿದು ಗಿಡ ಕೈಗೆ ಬಂತು. ಅಷ್ಟರಲ್ಲಿ ಮೆಟ್ಟಿಲ ಬಾಗಿಲಲ್ಲಿ ಶೋಭನಾದಿ ಕಾಣಿಸಿಕೊಂಡರು. ಒಂದು ಕೈಯಲ್ಲಿ ತುಂಬಿದ ಬಕೆಟ್ಟು, ಇನ್ನೊಂದು ಕೈಯಲ್ಲಿ ಮೂಗಿಗೆ ಒತ್ತಿಹಿಡಿದ ಸೆರಗು.

“ಇದೇನು ಮಾಡಿದೆ?”

ಇನ್ನು ನಾಜೂಕು ಉಳಿದಿರಲಿಲ್ಲ. “ಮೀನಿನ ನೀರು ನನಗೆ ಹೇಸಿಗೆ, ದೀದಿ. ಅದನ್ನು ಹಾಕದಿರಲಿ ಅಂತಲೇ ತಗಡು ಚುಚ್ಚಿದ್ದು.”

ಶೋಭನಾದಿ ಬಕೆಟ್ಟನ್ನು ಕೆಳಗಿಟ್ಟರು. ಬಿದ್ದ ಗಿಡವನ್ನು ನೋಡಿದರು, ಅವಳನ್ನು ನೋಡಿದರು.

“ನನಗೂ ಹೇಸಿಗೆಯೇ,” ಎಂದರು. “ಗಂಡ ಹೋದ ದಿನದಿಂದ ಮೀನು ಬಿಟ್ಟಿದ್ದೇನೆ. ನಮ್ಮಲ್ಲಿ ವಿಧವೆಯರು ತಿನ್ನುವುದಿಲ್ಲ. ಹನ್ನೊಂದು ವರ್ಷವಾಯಿತು ನನ್ನ ಮನೆಯೊಳಗೆ ಮೀನು ಬಂದು. ಈ ನೀರು ಕೆಳಗಿನ ಮನೆಯವರದು. ಕೇಳಿ ತರುತ್ತೇನೆ, ಮೂಗು ಮುಚ್ಚಿಕೊಂಡು ಹೊರುತ್ತೇನೆ, ಆಮೇಲೆ ತಲೆಯ ಮೇಲಿಂದ ಸ್ನಾನ ಮಾಡುತ್ತೇನೆ. ನನ್ನ ಗುಲಾಬಿಗೆ ವಾರಕ್ಕೊಂದು ಸಲ ಸಾಕಿತ್ತು. ನಿನ್ನ ದೇವರೆಂದು ಎರಡು ಸಲ ಹೊತ್ತೆ. ಬೇಡ ಎಂದು ಬಾಯಲ್ಲಿ ಒಂದು ಮಾತು ಹೇಳಿದ್ದರೆ ನನಗೂ ಬೆನ್ನು ಉಳಿಯುತ್ತಿತ್ತು.”

ಅಷ್ಟು ಹೇಳಿ ಇಳಿದು ಹೋದರು. ಬಕೆಟ್ಟು ಅಲ್ಲೇ ಉಳಿಯಿತು.

ಕೆಲಸದವಳ ಡಬ್ಬಿಗೆ ಸುರಿದ ಪಾಯಸ ಸುಭದ್ರಾಳ ಕಣ್ಣಿಗೆ ಕಟ್ಟಿತು. ತನ್ನ ಮನೆಯಷ್ಟೇ ಶುದ್ಧವಾದ ಮನೆಯ ಪಾತ್ರೆ ಅದು. ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಡಬ್ಬಿಯ ಜಿರಳೆಗೂ ಅಷ್ಟು ಹೇಸಿರಲಿಲ್ಲ.

ಡ್ರಮ್ಮನ್ನು ಎತ್ತಿ ನಿಲ್ಲಿಸಿದಳು. ಮಣ್ಣು ಬಾಚಿ ತುಂಬಿ, ಉಳಿದಷ್ಟು ಬೇರನ್ನು ಒಳಗೆ ಕೂರಿಸಿದಳು. ಗಿಡ ಬದುಕುವುದು ಅನುಮಾನವಿತ್ತು. ಆಮೇಲೆ ಬಕೆಟ್ಟಿನ ಕಡೆ ತಿರುಗಿದಳು. ಚೊಂಬು ಇರಲಿಲ್ಲ. ಎರಡೂ ಕೈ ಅದ್ದಿ, ಬೊಗಸೆ ತುಂಬಿ ತುಂಬಿ ಬುಡಕ್ಕೆ ಹೊಯ್ದಳು. ಹುರುಪೆ ಬಳೆಗಳಿಗೆ ಅಂಟಿತು, ಜಾರುವ ಏನೋ ಒಂದು ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿತು, ಎರಡು ಸಲ ಪಕ್ಕಕ್ಕೆ ತಿರುಗಿ ಓಕರಿಸಿದಳು. ಬಕೆಟ್ಟು ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ.

ಹಾಗೆಯೇ ಇಳಿದು ಹೋಗಿ ಎದುರು ಮನೆಯ ಬೆಲ್ ಒತ್ತಿದಳು. ಶೋಭನಾದಿ ಬಾಗಿಲು ತೆರೆದರು. ಒದ್ದೆ ಕೂದಲು, ಒಗೆದ ಬಿಳಿ ಸೀರೆ. ಒಳಗಿನಿಂದ ಊದುಬತ್ತಿಯ ಪರಿಮಳ ಬರುತ್ತಿತ್ತು.

“ದೀದಿ, ತಪ್ಪಾಯಿತು,” ಎಂದು ಸುಭದ್ರಾ ಒಳಗೆ ಕಾಲಿಡಲು ಹೋದಳು.

ಶೋಭನಾದಿ ಅವಳ ಕೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಸೆರಗು ಮೂಗಿಗೆ ಹೋಯಿತು.

“ಅಲ್ಲೇ ನಿಲ್ಲು. ಮೀನು ಮುಟ್ಟಿದ್ದೀಯ. ಮೊದಲು ಸ್ನಾನ ಮಾಡಿಕೊಂಡು ಬಾ.”