ಕಾಫಿ ಎಲ್ಲಿ ಕುಡಿಯುತ್ತೀರಿ?

೧.
ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಸಂದರ್ಶನದ ಕೋಣೆಯಿಂದ ಎಂದುಕೊಂಡಿದ್ದೆ. ಹಾಗೆ ಬರೆದ ಎರಡು ಪುಟ ಈಗ ಕಸದ ಬುಟ್ಟಿಯಲ್ಲಿವೆ. ಅವುಗಳಲ್ಲಿ ಎಲ್ಲರೂ ವಿಪರೀತ ಮಾತಾಡುತ್ತಿದ್ದರು. ತಾಂಪೆರೆ ಊರಿನ ಆಫೀಸಿನಲ್ಲಿ ಮೂರು ಜನ ಒಂದೇ ಸಲ ಬಾಯಿಬಿಟ್ಟರೆಂದರೆ ನೀವು ನಂಬಬಹುದು, ತಾಂಪೆರೆಯವರು ನಂಬುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನಮ್ಮದಿರಬಹುದು. ಗಣಿ ಇರುವುದು ಫಿನ್ಲೆಂಡಿನಲ್ಲಿ.

೨.
ಹಾಗಾದರೆ ಹೆಲ್ಲೆವಿಯಿಂದಲೇ ಶುರುಮಾಡೋಣ. ವಯಸ್ಸು ಅರವತ್ತೆರಡು. ದೊಡ್ಡದೊಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೆಲಸ. ನಿವೃತ್ತಿಗೆ ಇನ್ನೆರಡು ವರ್ಷ. (ಕಂಪನಿಗೆ ನಾನು ಹೆಸರಿಟ್ಟಿಲ್ಲ. ಒಳಗಿರುವವರು ಸಾಕಷ್ಟು ಇಟ್ಟಿದ್ದಾರೆ.)

ಅವಳ ವಿಭಾಗಕ್ಕೊಂದು ಕಾಫಿ ಕೋಣೆ ಇದೆ. ಉದ್ದನೆಯ ಮೇಜು, ಹನ್ನೊಂದು ಕುರ್ಚಿ. ದಿನಕ್ಕೆರಡು ಸಲ ಹನ್ನೆರಡು ನಿಮಿಷ ಅಲ್ಲಿ ಕೂರುವುದು ಕಾರ್ಮಿಕ ಸಂಘ ಎಂದೋ ಹೋರಾಡಿ ಪಡೆದ ಹಕ್ಕು. ಎರಡು ವರ್ಷದಿಂದ ಅಲ್ಲಿ ಯಾರೂ ಕೂತಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಯೂ ಇಲ್ಲ. ಹೊಸ ಮ್ಯಾನೇಜರ್ ಇಲ್ಪೊ ಆಫೀಸಿನ ಗೋಡೆಗೊಂದು ಸ್ಕ್ರೀನ್ ಹಾಕಿಸಿದ, ಅಷ್ಟೇ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಸೀಟಿನಲ್ಲಿಲ್ಲದವರ ಹೆಸರು ಅದರಲ್ಲಿ ಕೆಂಪಾಗುತ್ತದೆ. ಅಂದಿನಿಂದ ಎಲ್ಲರೂ ಓಡಿಹೋಗಿ ಮಗ್ ತುಂಬಿಕೊಂಡು ತಮ್ಮ ತಮ್ಮ ಜಾಗಕ್ಕೆ ಮರಳುತ್ತಾರೆ. ಹೆಲ್ಲೆವಿಯ ಪಕ್ಕದ ಸೀಟಿಗೆ ಬಂದ ಮೂವರು ಕೆಲಸ ಬಿಟ್ಟು ಹೋದರು.

"ಒಂಟಿತನ ಅಂತ ಬರೀಬೇಡ ಮತ್ತೆ," ಎಂದು ಹೆಲ್ಲೆವಿ ನನ್ನನ್ನು ಎಚ್ಚರಿಸಿದಳು.

"ಮತ್ತೇನಂತ ಬರೀಲಿ?"

"ಜೊತೆಗೆ ಯಾರೂ ಇಲ್ಲ ಅಂತ ಬರಿ. ಸುಮ್ಮನೆ ಕೂರೋಕೂ ಒಬ್ಬರು ಜೊತೆಗೆ ಬೇಕು ನೋಡು."

ಒಂಟಿತನವನ್ನು ಹೊಡೆದುಹಾಕಿದೆ.

೩. (ನಾಲ್ಕನೆಯ ಡ್ರಾಫ್ಟ್. ಇದನ್ನು ಉಳಿಸಿಕೊಂಡಿದ್ದೇನೆ.)
ಆ ಖಾಲಿ ಸೀಟಿಗೆ ಸಂದರ್ಶನ ಇತ್ತು. ಇಲ್ಪೊ ಹೆಲ್ಲೆವಿಯನ್ನೂ ಜೊತೆಗೆ ಕೂರಿಸಿಕೊಂಡ. ಒಳಗೆ ಹೋಗುವ ಮುಂಚೆ ಮೆಲ್ಲಗೆ ಹೇಳಿದ: "ಇಲ್ಲಿ ವಾತಾವರಣ ಹೇಗಿದೆ ಅಂತ ಕೇಳಿದ್ರೆ, ಚೆನ್ನಾಗಿದೆ ಅಂದ್ಬಿಡು."

"ನೀನೇ ಅನ್ನು."

"ನಾನಂದ್ರೆ ಯಾರು ನಂಬ್ತಾರೆ, ಹೆಲ್ಲೆವಿ?"

(ಮ್ಯಾನೇಜರನ್ನು ನೀನು ಎನ್ನುತ್ತಾಳೆಂದು ಹುಬ್ಬೇರಿಸಬೇಡಿ. ಇಲ್ಲಿ ಮಂತ್ರಿಗೂ ನೀನೇ.)

ಬಂದವಳು ರೌಮ ಊರಿನ ವಿಲ್ಯಾ, ಮೂವತ್ತೊಂದು ವರ್ಷ. ಕೇಳಿದ್ದಕ್ಕಷ್ಟೇ ಉತ್ತರ. ನಡುನಡುವೆ ಅರ್ಧ ನಿಮಿಷ ಸುಮ್ಮನೆ ಯೋಚಿಸುತ್ತಿದ್ದಳು. ಇಲ್ಪೊ ಪೆನ್ನು ಕುಟ್ಟಿದರೂ ಗಾಬರಿಯಾಗಲಿಲ್ಲ. ಹೆಲ್ಲೆವಿಗೆ ಹುಡುಗಿ ಹಿಡಿಸಿಬಿಟ್ಟಳು. ಇವಳು ಪಕ್ಕದಲ್ಲಿದ್ದರೆ ಉಳಿದೆರಡು ವರ್ಷ ಹೂವೆತ್ತಿದಂತೆ ಕಳೆದುಹೋದೀತು ಎನಿಸಿತು.

ನಿನ್ನದೇನಾದರೂ ಪ್ರಶ್ನೆ ಇದೆಯಾ ಎಂದು ಇಲ್ಪೊ ಕೊನೆಗೆ ಕೇಳಿದ.

"ಒಂದೇ ಒಂದು," ಎಂದಳು ವಿಲ್ಯಾ. "ಇಲ್ಲಿ ಕಾಫಿ ಎಲ್ಲಿ ಕುಡೀತೀರಿ?"

ಇಲ್ಪೊ ಹೆಲ್ಲೆವಿಯ ಕಡೆ ನೋಡಿದ. ಸುಳ್ಳು ಹೇಳಿದರೆ ಅವಳಿಗೊಂದು ಜೊತೆ ಸಿಗುತ್ತದೆ. ನಿಜ ಹೇಳಿದರೆ ಸಂಜೆಯ ಬಸ್ಸು ಹತ್ತಿ ಹೋದ ವಿಲ್ಯಾ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

೪.
ಇಲ್ಲಿ ನನಗೂ ಹೆಲ್ಲೆವಿಗೂ ಜಗಳವಾಯಿತು.

"ಸುಳ್ಳು ಹೇಳ್ಬಿಡು," ಎಂದೆ. "ಅವಳು ಬರ್ತಾಳೆ, ಆಮೇಲೆ ಗೊತ್ತಾಗುತ್ತೆ, ನಿನಗೆ ಪಶ್ಚಾತ್ತಾಪ ಆಗುತ್ತೆ. ಪಶ್ಚಾತ್ತಾಪ ಬರೆಯೋದ್ರಲ್ಲಿ ನನ್ನದು ಎತ್ತಿದ ಕೈ."

"ನಿನಗೆ ಬರೆಯೋಕೆ ಬರುತ್ತೆ ಅಂತ ನಾನ್ಯಾಕೆ ಪಶ್ಚಾತ್ತಾಪ ಪಡಬೇಕು?"

ಹಾಗೆಂದವಳೇ ನನ್ನನ್ನು ಅಲ್ಲೇ ಬಿಟ್ಟು ವಿಲ್ಯಾಳ ಕಡೆ ತಿರುಗಿದಳು.

"ಅವರವರ ಕಂಪ್ಯೂಟರ್ ಮುಂದೆ ಕುಡೀತೀವಿ. ಕಾಫಿ ಕೋಣೆ ಖಾಲಿ ಬಿದ್ದು ಎರಡು ವರ್ಷ ಆಯ್ತು. ಹೆಚ್ಚು ಹೊತ್ತು ಎದ್ದುಹೋದ್ರೆ ಗೋಡೆ ಮೇಲೆ ಹೆಸರು ಕೆಂಪಾಗುತ್ತೆ. ನನಗೆ ಭಯ. ಈ ವಯಸ್ಸಲ್ಲಿ ಭಯ ಅನ್ನೋಕೆ ನಾಚಿಕೆಯೂ ಆಗುತ್ತೆ."

ಇಲ್ಪೊನ ಪೆನ್ನು ನಿಂತಿತು. ವಿಲ್ಯಾ, "ಹೇಳಿದ್ದು ಒಳ್ಳೇದಾಯ್ತು," ಎಂದು ಕೈಕುಲುಕಿ ಹೊರಟಳು.

೫. ಮುಕ್ತಾಯಗಳು, ಬೇಕಾದದ್ದು ಆರಿಸಿಕೊಳ್ಳಿ
ಅ) ವಿಲ್ಯಾ ಬರುವುದಿಲ್ಲ. ಹೆಲ್ಲೆವಿಗೆ 'ಸ್ವಲ್ಪ ಮಾತಾಡೋದಿದೆ' ಎಂದು ಇಲ್ಪೊನಿಂದ ಕರೆ. (ನಡೆಯುವಂಥದ್ದೇ. ಬರೆಯಲು ಮನಸ್ಸಿಲ್ಲ.)

ಆ) ಇಲ್ಪೊನ ಮನಸ್ಸು ಕರಗಿ ಸ್ಕ್ರೀನ್ ಕೀಳಿಸುತ್ತಾನೆ. (ನನಗೇ ನಗು ಬಂತು.)

ಇ) ವಿಲ್ಯಾ ಫೋನ್ ಮಾಡುತ್ತಾಳೆ: "ಕೆಲಸ ಸಿಕ್ಕಿದೆ. ನಾನು ಬಂದ್ರೆ ಆ ಕೋಣೇಲಿ ನನ್ನ ಜೊತೆ ಕೂರ್ತೀಯಾ?"

ಮೂರನೆಯದನ್ನು ಹೆಮ್ಮೆಯಿಂದ ಓದಿ ಹೇಳಿದೆ. ಹೆಲ್ಲೆವಿಗೆ ಹಿಡಿಸಲಿಲ್ಲ.

"ಅವಳು ಬಂದ ಮೇಲೆ ಕೂರೋದು ಏನು ದೊಡ್ಡಸ್ತಿಕೆ? ಬರೋದು ಬಿಡೋದು ಅವಳಿಷ್ಟ."

೬.
ಮರುದಿನ ಒಂಬತ್ತು ಗಂಟೆಗೆ ಹೆಲ್ಲೆವಿ ಎದ್ದಳು. ಮಗ್ ತುಂಬಿಕೊಂಡವಳು ಮರಳಲಿಲ್ಲ. ಉದ್ದನೆಯ ಮೇಜಿನ ಒಂದು ತುದಿಗೆ, ಗೋಡೆಗೆ ಒತ್ತಿಕೊಂಡ ಕುರ್ಚಿಯಲ್ಲಿ ಕೂತಳು. ಅತ್ತ ಹೆಸರು ಕೆಂಪಾಯಿತು, ಒಂಬತ್ತು ತಲೆಗಳು ಮೇಲೆದ್ದು ಇಳಿದವು. (ಭಯವಾಗಿತ್ತು ಎಂದು ಬರೆಯಲು ಅವಳ ಒಪ್ಪಿಗೆ ಇದೆ.) ಮನೆಯಿಂದ ತಂದಿದ್ದ ಏಲಕ್ಕಿ ಬನ್ನು ಮುರಿದಳು. ಎಷ್ಟೋ ದಿನಗಳ ಮೇಲೆ ಕಾಫಿಯನ್ನು ನಿಧಾನವಾಗಿ ಕುಡಿದಳು. ಅವಳಿಗೆ ಖುಷಿಯಾಗಿತ್ತು. ಇದನ್ನು ಬೇರೆ ರೀತಿ ಹೇಳುವ ಅಗತ್ಯ ಕಾಣುತ್ತಿಲ್ಲ.

ಏಳನೆಯ ನಿಮಿಷಕ್ಕೆ ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ ಕೇಳಿಸಿತು.

"ಯಾರು ಬಂದ್ರು ಅಂತ ಬರೀಲಿ?" ಎಂದು ಕೇಳಿದೆ. "ಇಲ್ಪೊನಾ, ಇಲ್ಲಾ ಆ ಒಂಬತ್ತು ಜನರಲ್ಲಿ ಒಬ್ರಾ?"

"ಏನೂ ಬರೀಬೇಡ. ಏಳು, ನೀನು ಕೂತಿರೋ ಕುರ್ಚಿ ಬೇಕು."

"ಇನ್ನೂ ಒಂಬತ್ತು ಖಾಲಿ ಇದಾವಲ್ಲ?"

"ನನ್ನ ಪಕ್ಕದ್ದು ಇದೊಂದೇ."

ನಾನು ಎದ್ದೆ.