ಪಾತ್ರೆ ಇಡದ ಒಲೆ

ನಮ್ಮ ಊರಿನ ಉತ್ತರಕ್ಕೆ, ಹಿಟ್ಟಿನ ಗಿರಣಿಯ ಆಚೆಗಿನ ಬಯಲಿನಲ್ಲಿ, ಒಂದು ಬೆಂಕಿ ಹಗಲೂ ರಾತ್ರಿ ಉರಿಯುತ್ತಿತ್ತು. ತೆಂಗಿನ ಮರದಷ್ಟು ಎತ್ತರದ ಕಬ್ಬಿಣದ ಕೊಳವೆ; ಅದರ ತುದಿಯಲ್ಲಿ ಗಾಳಿ ತಳ್ಳಿದ ಕಡೆಗೆ ಬಾಗುವ ಜ್ವಾಲೆ. ನಮ್ಮ ಬೀದಿಯ ಹೆಂಗಸರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹೆದರಿಕೆಯಿಂದಲ್ಲ. ಹಾಲಿನ ಪಾತ್ರೆ ಇಳಿಸಿದ ಮೇಲೆ ಒಲೆ ಒಂದು ಕ್ಷಣ ಸುಮ್ಮನೆ ಉರಿದರೂ ಅತ್ತೆಯ ಬಾಯಿಂದ ಮಾತು ಕೇಳಿದವರು ನಾವು. ಮೇಲೆ ಪಾತ್ರೆಯೇ ಇಲ್ಲದ ಒಲೆಯನ್ನು ಯಾರೋ ಉರಿಸುತ್ತಲೇ ಇದ್ದಾರೆ, ಆರಿಸುವವರಿಲ್ಲ ಎಂಬುದು ನಮಗೆ ಸಹಿಸಲಾಗದ ಸಂಗತಿಯಾಗಿತ್ತು.

"ಒಂದು ಹಂಡೆನಾದ್ರೂ ಇಡ್ರಪ್ಪ ಅದರ ಮೇಲೆ. ಬೀದಿಗೆಲ್ಲ ಸ್ನಾನದ ನೀರು ಕಾಯುತ್ತೆ," ಎಂದು ದ್ಯಾಮಕ್ಕ ಬೇಲಿಯ ಈಚೆಯಿಂದ ಕಾವಲುಗಾರನಿಗೆ ಕೂಗಿ ಹೇಳುತ್ತಿದ್ದಳು. ಅವನು ನಕ್ಕು ಕೈ ಮುಗಿಯುತ್ತಿದ್ದ.

ಆ ಗಿರಣಿ ದ್ಯಾಮಕ್ಕನದು. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಸಂಜೆಯ ಹೊತ್ತಿಗೆ ರೆಪ್ಪೆಯ ಕೂದಲಿನ ಮೇಲೂ ಹಿಟ್ಟು ಕೂತು, ಅವಳ ವಯಸ್ಸೆಷ್ಟೆಂದು ಹೇಳುವುದು ಕಷ್ಟವಾಗುತ್ತಿತ್ತು. ಕೈಲಾಗದ ಮುದುಕಿ ಪಾವು ರಾಗಿ ತಂದರೂ ಅವಳನ್ನು ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ. "ನಿಂದು ಮೊದಲು ಹಾಕ್ತೀನಿ, ಕಲ್ಲು ಬಿಸಿ ಆಗಲಿ," ಎನ್ನುವಳು, ಉಪಕಾರ ಮುದುಕಿಯದೇ ಎಂಬಂತೆ. ಬೀದಿಯಲ್ಲಿ ಕಾಲೇಜು ಓದಿದ ಹೆಂಗಸು ನಾನೊಬ್ಬಳೇ ಆದದ್ದರಿಂದ ನನಗೆ ಕಾಲೇಜಮ್ಮ ಎಂಬ ಹೆಸರಿಟ್ಟವಳೂ ಅವಳೇ.

ಬೆಂಕಿಗೂ ಮೊದಲು ಬಂದದ್ದು ಯಂತ್ರ. ನಮ್ಮ ಬೀದಿಗೆ ಒಂದು ಕೊಳವೆ ಬಾವಿ ಬೇಕೆಂದು ನಾವು ಅರ್ಜಿ ಕೊಟ್ಟು ಕೊಟ್ಟು ಸೋತಿದ್ದ ಕಾಲ. ಒಂದು ಬೆಳಿಗ್ಗೆ, ಕೊರೆಯುವ ಗೋಪುರವನ್ನು ಬೆನ್ನ ಮೇಲೆ ಮಲಗಿಸಿಕೊಂಡು ಒಂದು ಭಾರಿ ಲಾರಿ ಬಯಲಿಗೆ ಇಳಿಯಿತು. ಯಾರು ಕಳಿಸಿದರು, ಏಕೆ ಎಂದು ಯಾರೂ ಕೇಳಲಿಲ್ಲ. ಕೊರೆಯುವ ಲಾರಿ ಬಂದಿತೆಂದರೆ ಪೂಜೆ ಮಾಡಬೇಕು. ನಮಗೆ ಗೊತ್ತಿದ್ದದ್ದು ಅಷ್ಟೇ. ಅರಿಶಿನ, ಕುಂಕುಮ, ಮಲ್ಲಿಗೆ ಸರ, ತೆಂಗಿನಕಾಯಿ ತೆಗೆದುಕೊಂಡು ಎಲ್ಲರೂ ಹೋದೆವು. ಲಾರಿ ಬೇರೆ ಲಾರಿಗಳಿಗಿಂತ ದೊಡ್ಡದಾಗಿದೆಯಲ್ಲ ಎಂದು ಯಾರೋ ಅಂದಾಗ, "ನೀರು ಆಳದಲ್ಲಿದೆ, ಅದಕ್ಕೇ," ಎಂದು ಇನ್ಯಾರೋ ಸಮಾಧಾನ ಹೇಳಿದರು.

ಯಂತ್ರ ನಡೆಸುವವನು ತಮಿಳು ಸೀಮೆಯವನು, ಪೆರಿಯಸಾಮಿ ಎಂದು ಹೆಸರು. ನಾವು ಬರುವುದನ್ನು ಕಂಡು ಚಪ್ಪಲಿ ಕಳಚಿ, ತಲೆಗೆ ಕಟ್ಟಿದ್ದ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ದ್ಯಾಮಕ್ಕ ಆರತಿ ಎತ್ತುತ್ತಿದ್ದಾಗ ಅವನು ತಡವರಿಸುತ್ತ, "ಅಮ್ಮಾ, ತಣ್ಣಿ ಇಲ್ಲೆ. ಇಲ್ಲಿ ನೀರು ಬರಲ್ಲ," ಎಂದ.

"ಬಿಡ್ತು ಅನ್ನಪ್ಪ," ಎಂದು ಗದರಿದಳು ದ್ಯಾಮಕ್ಕ. "ಪೂಜೆ ಹೊತ್ತಲ್ಲಿ ಅಂಥ ಮಾತಾಡ್ತಾರಾ?" ತಟ್ಟೆಯಲ್ಲಿದ್ದ ಸಕ್ಕರೆಯನ್ನು ಚಿಟಿಕೆಯಲ್ಲಿ ತೆಗೆದು ಅವನ ಬಾಯಿಗೇ ಹಾಕಿಬಿಟ್ಟಳು. ನಾವೆಲ್ಲ ನಕ್ಕೆವು. ಅವನೂ ನಗಲು ನೋಡಿದ. ಅಂಗಿಯನ್ನು ಪ್ಯಾಂಟಿನೊಳಗೆ ನೀಟಾಗಿ ಸಿಕ್ಕಿಸಿಕೊಂಡಿದ್ದ ಒಬ್ಬ ಯುವಕ ನಮ್ಮ ಫೋಟೋ ತೆಗೆದ. ಫೋಟೋ ತೆಗೆಯುವಷ್ಟು ದೊಡ್ಡ ಕೆಲಸ ನಮ್ಮ ಬೀದಿಯಲ್ಲಿ ನಡೆಯುತ್ತಿದೆಯೆಂದು ಸೆರಗು ಸರಿಮಾಡಿಕೊಂಡು ನಿಂತೆವು.

ನೀರು ಬರಲಿಲ್ಲ. ಅನಿಲ ಬಂತು. ಕಂಪನಿಯವರು ಬೋರ್ಡು ನೆಟ್ಟಾಗಲೇ ನಮಗೆ ತಿಳಿದದ್ದು. ಈ ಅನಿಲದಿಂದ ಕರೆಂಟು ತಯಾರಾಗುತ್ತದೆ, ನಿಮ್ಮ ಬಿಲ್ಲು ಇಳಿಯುತ್ತದೆ ಎಂದು ಲಡ್ಡು ಹಂಚಿದರು. ಕೊಳವೆಮಾರ್ಗಕ್ಕೆ ಹಿಡಿಸದೆ ಉಳಿದದ್ದನ್ನು ಬಯಲಿನಲ್ಲೇ ಸುಡತೊಡಗಿದರು. ಬಿಲ್ಲು ಇಳಿಯಲಿಲ್ಲ. ಅದರಲ್ಲಿ 'ಇಂಧನ ಹೊಂದಾಣಿಕೆ' ಎಂಬ ಹೊಸ ಸಾಲೊಂದು ಸೇರಿಕೊಂಡು ಪ್ರತಿ ಸಲವೂ ಬೆಳೆಯತೊಡಗಿತು. ಭೂಮಿ ಕೊರೆದ ಖರ್ಚು, ಕೊಳವೆ ಹೂತ ಖರ್ಚು ಎಲ್ಲವನ್ನೂ ನಮ್ಮಿಂದಲೇ ವಸೂಲು ಮಾಡುತ್ತಿದ್ದಾರೆ ಎಂಬುದು ನನಗೆ ಅರ್ಥವಾಗುವಷ್ಟರಲ್ಲಿ ದ್ಯಾಮಕ್ಕ ಗಿರಣಿಯ ಎರಡು ಕಲ್ಲುಗಳಲ್ಲಿ ಒಂದನ್ನು ನಿಲ್ಲಿಸಿದ್ದಳು.

"ಏನಮ್ಮ ಇದು ಹೊಂದಾಣಿಕೆ?" ಎಂದು ಅವಳು ಬಿಲ್ಲನ್ನು ನನ್ನ ಮುಂದೆ ಹಿಡಿದಳು. "ಗಂಡ ಹೆಂಡ್ತಿ ಹೊಂದಾಣಿಕೆ ಗೊತ್ತು ನಂಗೆ. ಅದರಲ್ಲೂ ಸೋಲೋದು ಒಬ್ಬರೇ."

ಹೀಗೆ ನಮ್ಮ ಬಳಕೆದಾರರ ಸಂಘ ಹುಟ್ಟಿತು. ಸಂಘವೆಂದರೆ ಗಿರಣಿಯ ಜಗಲಿ, ಅಲ್ಲಿ ಹಿಟ್ಟಿಗೆ ಕಾಯುವ ಹೆಂಗಸರು. ವಿದ್ಯುತ್ ಕಚೇರಿಗೆ ನಾವು ಎಷ್ಟು ಸಲ ಹೋದೆವೆಂದು ನಾನು ಲೆಕ್ಕವಿಡಲಿಲ್ಲ. ಕೆಳಗಿನವರು ಮೇಲಿನವರನ್ನು ಕೇಳಿ ಎನ್ನುತ್ತಿದ್ದರು. ಮೇಲಿನವರು, ದರ ನಿಗದಿ ಮಾಡುವುದು ಆಯೋಗ, ನಾವಲ್ಲ ಎನ್ನುತ್ತಿದ್ದರು. ಆಯೋಗಕ್ಕೆ ಬರೆದರೆ, ಸ್ಥಳೀಯ ಕಚೇರಿಯನ್ನು ಸಂಪರ್ಕಿಸಿ ಎಂದು ಉತ್ತರ ಬರುತ್ತಿತ್ತು. ಸಿಟ್ಟು ಬರುತ್ತಿತ್ತು, ಆದರೆ ಅದನ್ನು ತೋರಿಸಬೇಕೆಂದರೆ ಎದುರಿಗೆ ಸಿಗುತ್ತಿದ್ದವನು ಜವಾನ ಮಾತ್ರ. ಅವನೋ, ನಾವು ಮೆಟ್ಟಿಲು ಹತ್ತುವುದನ್ನು ಕಂಡ ಕೂಡಲೇ ಹೂಜಿಯ ನೀರು ತಂದಿಟ್ಟು ಫ್ಯಾನು ಹಾಕುತ್ತಿದ್ದ. ಅವನ ಮೇಲೆ ಹೇಗೆ ಸಿಟ್ಟಾಗುವುದು?

ಅಷ್ಟರಲ್ಲಿ ಕಂಪನಿ ಎರಡನೆಯ ಬಾವಿಗೆ ಆಯೋಗದ ಅನುಮತಿ ಕೇಳಿತು. ಜಾಗ ಗಿರಣಿಯ ಹಿಂದೆಯೇ. ಅದರ ಖರ್ಚೂ ಬಿಲ್ಲಿಗೇ. ಹಾಗಾದರೆ ಇನ್ನೊಂದು ಕಲ್ಲೂ ನಿಲ್ಲುತ್ತದೆ ಎಂದು ದ್ಯಾಮಕ್ಕ ಗೋಳಾಡದೆ ಹೇಳಿದಳು, ಮೋಡ ನೋಡಿ ಮಳೆ ಹೇಳುವವರ ಹಾಗೆ. ಆಯೋಗದವರು ಸಾರ್ವಜನಿಕ ಅಹವಾಲು ಕೇಳಲು ಊರಿಗೇ ಬರುತ್ತಾರೆಂದು ಗೊತ್ತಾದಾಗ ನಮಗೆ ಮೊದಲ ಬಾರಿಗೆ ಜೀವ ಬಂದಂತಾಯಿತು. ನಮ್ಮ ಆಕ್ಷೇಪಣೆಯನ್ನು ನಾನೇ ಬರೆದೆ. ಅದರ ಬೆನ್ನೆಲುಬು ಒಂದೇ ವಾಕ್ಯ: ಮೊದಲ ಬಾವಿ ಕೊರೆಯುವಾಗ ಏನು ಕೊರೆಯುತ್ತಿದ್ದಾರೆಂದು ನಮಗೆ ಯಾರೂ ತಿಳಿಸಲಿಲ್ಲ. ಅದು ನಿಜವೆಂದೇ ನಾವೆಲ್ಲ ನಂಬಿದ್ದೆವು. ಎಲ್ಲರ ಪರವಾಗಿ ದ್ಯಾಮಕ್ಕ ಮಾತಾಡುವುದೆಂದು ನಿಶ್ಚಯವಾಯಿತು.

ಅಹವಾಲಿನ ದಿನ ಸಭಾಂಗಣದಲ್ಲಿ ಮುಂದಿನ ಕುರ್ಚಿಗಳೆಲ್ಲ ಕಂಪನಿಯವರಿಂದಲೇ ತುಂಬಿದ್ದವು. ಅವರಲ್ಲೊಬ್ಬ ಹುಡುಗಿ ಎದ್ದು ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಸಭೆ ಮುಗಿಯುವ ತನಕ ಗೋಡೆಗೊರಗಿ ನಿಂತಿದ್ದಳು. ಅವಳ ಮುಖ ಇಂದಿಗೂ ನೆನಪಿದೆ. ವೇದಿಕೆಯ ಮೇಲಿದ್ದ ಅಧಿಕಾರಿ ತಾಳ್ಮೆಯ ಮನುಷ್ಯ. ಆದರೆ ಬೆಳಗಿನಿಂದ ನಾಲ್ಕು ಊರುಗಳ ದೂರು ಕೇಳಿ ದಣಿದಿದ್ದರು. ದ್ಯಾಮಕ್ಕ ಚೆನ್ನಾಗಿಯೇ ಮಾತಾಡಿದಳು. ಗಿರಣಿಯ ಬಿಲ್ಲಿನ ಬಗ್ಗೆ ಹೇಳಿದಳು, ಪಾತ್ರೆ ಇಡದ ಒಲೆಯ ಬಗ್ಗೆ ಹೇಳಿದಳು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಕಂಪನಿಯ ವಕೀಲರು ಎದ್ದು, ಕಾಗದ ಸುತ್ತಿದ್ದ ಹಲಗೆಯೊಂದನ್ನು ಮೇಜಿನ ಮೇಲೆ ನಿಲ್ಲಿಸಿ, ಸುತ್ತಿದ್ದ ಕಾಗದವನ್ನು ತೆಗೆದರು.

ದೊಡ್ಡದು ಮಾಡಿಸಿದ ಫೋಟೋ. ಮಲ್ಲಿಗೆ ಸರ ತೊಟ್ಟ ಲಾರಿ; ಎದುರಿಗೆ ಆರತಿ ತಟ್ಟೆ ಹಿಡಿದ ದ್ಯಾಮಕ್ಕ; ಪಕ್ಕದಲ್ಲಿ ನಗುತ್ತಿರುವ ನಾವೆಲ್ಲ. ನಾನು ಎಲ್ಲರಿಗಿಂತ ಹೆಚ್ಚು ನಗುತ್ತಿದ್ದೆ.

"ಈ ಯೋಜನೆಯನ್ನು ಊರಿನ ಮಹಿಳೆಯರು ಹೇಗೆ ಸ್ವಾಗತಿಸಿದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ," ಎಂದರು ವಕೀಲರು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಇದು ನೀವೇನಾ ಅಮ್ಮ?" ಎಂದು ಕೇಳಿದರು.

"ನಾನೇ ಸ್ವಾಮಿ."

"ಪೂಜೆ ಮಾಡಿ ಅಂತ ಯಾರಾದರೂ ಬಲವಂತ ಮಾಡಿದ್ರಾ?"

"ಪೂಜೆಗೆ ಯಾರು ಬಲವಂತ ಮಾಡ್ತಾರೆ? ನೀರಿನ ಬಾವಿ ಅಂದ್ಕೊಂಡ್ವಿ. ನೀರು ಕೇಳಿ ಕೇಳಿ ನಮಗೆ ಸಾಕಾಗಿತ್ತು."

ಅಧಿಕಾರಿ ಪೆನ್ನು ತೆಗೆದುಕೊಂಡರು. ಅವರ ದನಿ ಮೆತ್ತಗಾಯಿತು. ನಮ್ಮ ಕಡೆಗೇ ಒಲಿಯುತ್ತಿದ್ದಾರೆ ಎನ್ನಿಸಿತು. "ಅಂದರೆ ಇದು ನೀರಿನದಲ್ಲ ಅಂತ ನಿಮಗೆ ಒಬ್ಬರೂ ಹೇಳಲಿಲ್ಲ. ಹೌದಾ? ಇದನ್ನು ಬರೆದುಕೊಳ್ಳಬೇಕು, ಯೋಚಿಸಿ ಹೇಳಿ."

ಹೌದು ಎಂದರೆ ಸಾಕಿತ್ತು. ದ್ಯಾಮಕ್ಕ ಫೋಟೋವನ್ನು ನೋಡುತ್ತ ನಿಂತಳು. ನಾನೂ ನೋಡಿದೆ. ಅವಳ ತಟ್ಟೆಯ ಆಚೆ, ಚೌಕಟ್ಟಿನ ಅಂಚಿನಲ್ಲಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ಪೆರಿಯಸಾಮಿ ನಿಂತಿದ್ದ. ಸಕ್ಕರೆ ತುಂಬಿ ಬಾಯಿ ಮುಚ್ಚಿತ್ತು. ಅವಳು ಅವನನ್ನು ಗುರುತಿಸದಿರಲಿ ಎಂದುಕೊಂಡೆ.

"ಒಬ್ಬ ಹೇಳಿದ ಸ್ವಾಮಿ," ಎಂದಳು ದ್ಯಾಮಕ್ಕ. "ಇಕೋ, ಇಲ್ಲಿದ್ದಾನಲ್ಲ, ಇವನು. ನೀರು ಬರಲ್ಲ ಅಂದ. ನಾನೇ ಬಾಯಿ ಮುಚ್ಚಿಸಿದೆ."

ಅಧಿಕಾರಿ ಅದನ್ನು ಬರೆದುಕೊಂಡರು. ವಕೀಲರು ಕುಳಿತುಕೊಂಡರು. ಅವರಿಗೆ ಮತ್ತೇನೂ ಕೇಳಬೇಕಿರಲಿಲ್ಲ.

ಇಬ್ಬರೂ ಮನೆಯ ದಾರಿ ಹಿಡಿದೆವು. ಗಿರಣಿ ಕಾಣುವಷ್ಟು ಹತ್ತಿರ ಬಂದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. "ಅಷ್ಟು ಜನ ದೊಡ್ಡವರು ಸುಳ್ಳು ಹೇಳಿ ಕೂತಿದ್ದರು. ಬಿಲ್ಲು ಇಳಿಯುತ್ತೆ ಅಂದವರನ್ನ ಯಾರೂ ಕೇಳಲಿಲ್ಲ. ನಿನ್ನೊಬ್ಬಳ ನಿಜವೇ ಬೇಕಾಗಿತ್ತೇ ಅವರಿಗೆ?"

"ಅವನು ಹೇಳಿದ್ದು ಹೌದಲ್ಲಮ್ಮ," ಎಂದಳು. "ಯಾರೂ ಹೇಳಲಿಲ್ಲ ಅಂದ್ರೆ, ಹೇಳಿದ ಒಬ್ಬನನ್ನೂ ಇಲ್ಲ ಅಂದ ಹಾಗಾಗುತ್ತೆ."

ನನಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷಗಳ ಮೇಲೆ ಬರೆಯುತ್ತಿರುವಾಗಲೂ ಪೂರ್ತಿ ಆಗಿಲ್ಲ.

'ಸ್ಥಳೀಯರಿಗೆ ಮೌಖಿಕವಾಗಿ ಮಾಹಿತಿ ನೀಡಲಾಗಿತ್ತೆಂದು ಆಕ್ಷೇಪಣೆದಾರರೇ ಒಪ್ಪಿರುತ್ತಾರೆ' ಎಂದು ಆದೇಶದಲ್ಲಿ ಬರೆದಿತ್ತು. ಎರಡನೆಯ ಬಾವಿಗೆ ಅನುಮತಿ ಸಿಕ್ಕಿತು. ದರ ಏರಿತು. ನಾವು ಮೇಲ್ಮನವಿ ಸಲ್ಲಿಸಿದೆವು. ಅದಕ್ಕೆ ಸ್ವೀಕೃತಿ ಬಂತು, ಉತ್ತರ ಬರಲಿಲ್ಲ. ದ್ಯಾಮಕ್ಕ ಗಿರಣಿಯ ಬೆಲ್ಟನ್ನು ಕಳಚಿ, ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿದಳು. ಕೊನೆಯ ದಿನ ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟನ್ನೆಲ್ಲ ಗುಡಿಸಿ ಇರುವೆ ಗೂಡುಗಳಿಗೆ ಹಾಕಿಬಂದಳು. ನಾವು ರಾಗಿ ಹೊತ್ತುಕೊಂಡು ಪಕ್ಕದ ಊರಿಗೆ ಹೋಗತೊಡಗಿದೆವು. ಅಲ್ಲಿ ಮುದುಕಿಯರೂ ಸಾಲಿನಲ್ಲಿ ನಿಲ್ಲಬೇಕಾಗಿತ್ತು.

ಯಂತ್ರ ಮತ್ತೆ ಬಂದಾಗ ಕಂಪನಿಯವರೇ ಹೂವು, ತೆಂಗಿನಕಾಯಿ ತಂದಿದ್ದರು. ಕ್ಯಾಮೆರಾ ಹಿಡಿದವನೂ ಬಂದಿದ್ದ. ಅವನ ಸಹಾಯಕರು ಮನೆಮನೆಗೆ ಬಂದು, "ಬನ್ನಿ ಅಮ್ಮಾ, ಪೂಜೆ ಇದೆ," ಎಂದು ಕರೆದರು. ಬೀದಿಯ ಒಂದು ಬಾಗಿಲೂ ತೆರೆಯಲಿಲ್ಲ. ಇದಾದರೂ ನಮ್ಮ ಕೈಲಿದೆಯಲ್ಲ ಎಂದುಕೊಂಡು ನಾನು ಕಿಟಕಿಯ ಹಿಂದೆ ನಿಂತಿದ್ದೆ.

ಕ್ಯಾಮೆರಾದವನು ಕಾದು ಕಾದು ಹೊರಟುಹೋದ ಮೇಲೆ ದ್ಯಾಮಕ್ಕ ಒಬ್ಬಳೇ ಹೊರಗೆ ಬಂದಳು. ಕೈಯಲ್ಲಿ ತಟ್ಟೆಯಿರಲಿಲ್ಲ, ಒಂದು ಹಿತ್ತಾಳೆ ಚೊಂಬು ಇತ್ತು. ನನಗೆ ತಡೆಯಲಾಗದೆ ಬಾಗಿಲು ತೆಗೆದು ಅವಳ ಹಿಂದೆ ನಡೆದೆ.

ಲಾರಿಯ ನೆರಳಿನಲ್ಲಿ ಕೂತಿದ್ದವನು ಪೆರಿಯಸಾಮಿಯೇ. ಕೂದಲು ನರೆತಿತ್ತು. ಅವಳನ್ನು ಕಂಡು ಎದ್ದು, ಅಂದಿನ ಹಾಗೆಯೇ ಚಪ್ಪಲಿ ಕಳಚಿದ.

"ಏನಾದ್ರೂ ಹೇಳೋದಿದ್ರೆ ಹೇಳಪ್ಪ," ಎಂದಳು ದ್ಯಾಮಕ್ಕ. "ಈ ಸಲ ಸಕ್ಕರೆ ತಂದಿಲ್ಲ."

ಅವನು ನೆಲ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ನೀರು ಇಲ್ಲ, ಅಮ್ಮಾ," ಎಂದ.

"ಗೊತ್ತು. ಅದಕ್ಕೇ ತಂದೆ," ಎಂದು ಅವಳು ಚೊಂಬನ್ನು ಅವನ ಕೈಗೆ ಕೊಟ್ಟಳು.

ಅವನು ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ, ಒಂದೇ ಧಾರೆಯಲ್ಲಿ ಕುಡಿದ. ಬೇಲಿಯಾಚೆ ಕೊಳವೆಯ ತುದಿಯಲ್ಲಿ ಬೆಂಕಿ ಉರಿಯುತ್ತಿತ್ತು. ಚೊಂಬು ಮೇಲೇರಿದಂತೆ ಆ ಬೆಂಕಿ ಅದರ ಹೊಟ್ಟೆಯ ಮೇಲೆ ಸಣ್ಣದಾಗಿ, ಹೊಳೆಯುತ್ತ ಕಾಣಿಸಿಕೊಂಡಿತು. ನೀರು ಮುಗಿದು ಅವನು ಚೊಂಬನ್ನು ಇಳಿಸುವ ತನಕ ಅದು ಅಲ್ಲೇ ಇತ್ತು.