ಹೆಚ್ಚಿದ ರಂಜಕ

ದೊಡವಾಡದ ಕಡೆ ಮನೆಯಲ್ಲಿ ಉಪ್ಪೋ ಕಾಳೋ ತೀರಿದರೆ 'ತೀರಿತು' ಎನ್ನುವುದಿಲ್ಲ. ಸವದತ್ತಿ ಗುಡ್ಡದ ಎಲ್ಲಮ್ಮತಾಯಿ ಕೇಳಿಸಿಕೊಂಡು ಹಾಗೇ ಆಗಲಿ ಅಂದುಬಿಟ್ಟಾಳು ಎಂಬ ಅಂಜಿಕೆ. 'ಹೆಚ್ಚೇತಿ', ಅಂದರೆ ಹೆಚ್ಚಾಗಿದೆ, ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು, ಮರುಮಾತಿಲ್ಲದೆ ಬಟ್ಟಲು ತುಂಬಿ ಕೊಡುತ್ತಾರೆ. ಮಂಜುಳಾ ಆ ಮಾತು ಕೇಳುತ್ತಲೇ ಬೆಳೆದವಳು.

ಈ ವರ್ಷ ಅವಳು ಹಿತ್ತಲನ್ನೇ ನಂಬಿ ಒಂದು ಹಟ ಹಿಡಿದಿದ್ದಳು: ದೀಪಾವಳಿಯ ತನಕ ಬೈಲಹೊಂಗಲದ ಸಂತೆಯಿಂದ ಒಂದು ಕಾಯಿಪಲ್ಯವನ್ನೂ ತರಬಾರದು. ಬಿಸಿಲಿದ್ದಾಗ ಚವಳಿಕಾಯಿ, ಬದನೆಯ ಹೋಳು ಒಣಗಿಸಿದಳು; ಕುಂಬಳದ ಸಂಡಿಗೆ ಇಟ್ಟಳು; ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಲಿಂಬೆರಸ ಕೂಡಿಸಿ ರಂಜಕ ರುಬ್ಬಿ ಬರಣಿಗಳ ಬಾಯಿಗೆ ಬಟ್ಟೆ ಕಟ್ಟಿದಳು. ಓಣಿಯ ಹೆಂಗಸರು ಬಂದು ನೋಡಿ, "ಮಂಜವ್ವನ ಮನಿಯಾಗ ಅನ್ನಪೂರ್ಣಿನ ಬಂದು ಕುಂತಾಳ" ಅಂದರು. ಆ ಮಾತು ತಲೆಗೇರಿತು.

ಶ್ರಾವಣದ ಒಂದು ಮುಂಜಾನೆ ಪಕ್ಕದ ಮನೆಯ ಮುದುಕಿ ಕೃಷ್ಣವ್ವ ಬಂದು ಹೊಸ್ತಿಲ ಹೊರಗೆ ಕುಳಿತಳು. ಸೆರಗಿನಡಿ ಸ್ಟೀಲ್ ಬಟ್ಟಲಿನ ಅಂಚು ಇಣುಕುತ್ತಿತ್ತು. ಮಂಜುಳಾಳ ಹಿತ್ತಲಿಗೆ ಮೊದಲ ಮೆಣಸಿನ ಬೀಜ ಬಂದದ್ದು ಇದೇ ಸೆರಗಿನ ಗಂಟಿನಿಂದ. ಈ ಸಲ ಮುದುಕಿಯ ಗಿಡಗಳೇ ಎಲೆ ಮುದುಡಿ ಹೋಗಿದ್ದವು.

ಮಳೆಯ ಮಾತಾಯಿತು, ಸೊಸೆಯ ಮಾತಾಯಿತು. ಕೊನೆಗೆ, "ನಮ್ಮನ್ಯಾಗ ರಂಜಕ ಹೆಚ್ಚೇತವ್ವಾ" ಅಂದಳು.

ಮಂಜುಳಾಳ ಕಣ್ಣು ಬರಣಿಗಳ ಸಾಲಿನತ್ತ ಹೋಯಿತು. ಇವಳಿಗೆ ಕೊಟ್ಟರೆ ನಾಳೆ ಇನ್ನೊಬ್ಬಳು ಬರುತ್ತಾಳೆ. ತಿಳಿದೂ ತಿಳಿಯದವಳಂತೆ ನಕ್ಕಳು.

"ಚಲೋ ಆತ ಬಿಡ್ರಿ ಆಯಿ! ಹೆಚ್ಚಿದ್ರ ನಮಗೂ ಒಂದೀಟು ಕೊಡ್ರಿ ಮತ್ತ."

ಮುದುಕಿ ಬಟ್ಟಲನ್ನು ಸೆರಗಿನೊಳಗೆ ಇನ್ನಷ್ಟು ಸರಿಸಿಕೊಂಡಳು. "ಹೂಂನವ್ವಾ, ಯಾಕ ಕೊಡಬಾರ್ದು?" ಎಂದು ಮೊಣಕಾಲು ಹಿಡಿದು ಎದ್ದಳು.

ಮಂಜುಳಾ ರೊಟ್ಟಿ ಬಡಿಯುತ್ತಿದ್ದಾಗ ಮತ್ತೆ ಬಾಗಿಲಲ್ಲಿ ನೆರಳು. ಕೃಷ್ಣವ್ವ ಅದೇ ಬಟ್ಟಲನ್ನು ಮುಂದೆ ಹಿಡಿದಳು. ಅದರೊಳಗೆ ಒಂದಿಷ್ಟು ರಂಜಕ. ಕಪ್ಪಾಗಿ ಒಣಗಿದ್ದು, ಬರಣಿಯ ತಳ ಕೆರೆದಾಗ ಬರುವಂಥದ್ದು.

"ತಗೋಳವ್ವಾ. ಹೆಚ್ಚೇತಿ ಅಂದ ಬಾಯಿಲೆ ಇಲ್ಲಂತ ಹೆಂಗ ಅನ್ನಲಿ? ತಾಯಿ ಸಿಟ್ಟಾಗತಾಳ."

ದನಿಯಲ್ಲಿ ಹಂಗಿಸುವುದು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಮಂಜುಳಾಗೆ ಹಗುರಾಗುತ್ತಿತ್ತು. ಅವಳು ಹಿಟ್ಟಿನ ಕೈ ತೊಳೆದು ಬರುವಷ್ಟರಲ್ಲಿ ಬಟ್ಟಲು ಹೊಸ್ತಿಲ ಮೇಲಿತ್ತು, ಮುದುಕಿ ಇರಲಿಲ್ಲ.

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ಇಳಿಸುವ ಧ್ಯಾಸವೂ ಇಲ್ಲದೆ ಒಂದು ತುಂಬಿದ ಬರಣಿ ಎತ್ತಿಕೊಂಡು ಹೋಗಿ ಕೃಷ್ಣವ್ವನ ಮುಂದೆ ಇಟ್ಟಳು. ಮುಖ ಎತ್ತಲಾಗಲಿಲ್ಲ.

"ಇಷ್ಟ್ಯಾಕವ್ವಾ? ದೀಪಾವಳಿ ತನಾ ನಿಮಗ ಬೇಕಲ್ಲ?"

"ನಮ್ಮನ್ಯಾಗ... ಹೆಚ್ಚೇತ್ರಿ ಆಯಿ."

ಆಡಿದ ಮೇಲೆ ಆ ಮಾತಿನ ಎರಡೂ ಅರ್ಥ ಅವಳಿಗೇ ಕೇಳಿಸಿದವು. ಕೃಷ್ಣವ್ವನಿಗೂ ಕೇಳಿಸಿರಬೇಕು. ಮುದುಕಿ ಬರಣಿಯ ಬಟ್ಟೆ ಬಿಚ್ಚಿ, ರೊಟ್ಟಿಯ ಚೂರಿಗೆ ರಂಜಕ ಹಚ್ಚಿ ಮೊದಲು ಅವಳ ಕೈಗೇ ಇಟ್ಟಳು.

"ಕುಂಡ್ರ, ತಿನ್ನು."

ಮಂಜುಳಾ ತಲೆ ತಗ್ಗಿಸಿಯೇ ತಿಂದಳು. ಕಣ್ಣೊರೆಸಿಕೊಳ್ಳಲು ಖಾರದ ನೆವವಾದರೂ ಇತ್ತು.